ನನ್ನ ಪ್ಲಾಸ್ಮಾದಲ್ಲಿ ಎಷ್ಟಿತ್ತು?

ನನ್ನ ರಕ್ತದ ಗುಂಪು ಓ ಪಾಸಿಟಿವ್ ಎಂಬುದರ ಬಗ್ಗೆ ನನಗೆ ಬಹಳ ಕಾಲದಿಂದ ಒಂದು ಸಣ್ಣ ಜಂಬವಿತ್ತು. ಕಾಲೇಜಿನ ದಿನಗಳಿಂದಲೂ ವರ್ಷಕ್ಕೆ ಎರಡು ಸಲವಾದರೂ ರಕ್ತದಾನ ಮಾಡುತ್ತಾ ಬಂದವನು ನಾನು. ಪಾಸಿಟಿವ್ ಗುಂಪಿನ ಯಾರಿಗೆ ಬೇಕಾದರೂ ನಿಮ್ಮ ರಕ್ತ ಹೊಂದುತ್ತದೆ ಎಂದು ಶಿಬಿರಗಳಲ್ಲಿ ಹೇಳಿದ್ದನ್ನು ಕೇಳಿ ಕೇಳಿ, ಅದು ನಾನೇ ದುಡಿದು ಗಳಿಸಿದ ಗುಣ ಎನ್ನುವಂತೆ ಬೀಗುತ್ತಿದ್ದೆ. 2020ರ ಆಗಸ್ಟ್ ಕೊನೆಯಲ್ಲಿ, ಕೋವಿಡ್‌ನಿಂದ ಚೇತರಿಸಿಕೊಂಡು ಐದು ವಾರ ಕಳೆದಿದ್ದಾಗ, ಬಿ ಪಾಸಿಟಿವ್ ಕೋವಿಡ್ ರೋಗಿಯೊಬ್ಬರಿಗೆ ಗುಣವಾದವರ ಪ್ಲಾಸ್ಮಾ, ಅಂದರೆ ಕಣಗಳನ್ನು ಬಿಟ್ಟು ಉಳಿಯುವ ರಕ್ತದ ದ್ರವಭಾಗ, ಬೇಕಾಗಿದೆ ಎಂಬ ವಾಟ್ಸ್‌ಆ್ಯಪ್ ಸಂದೇಶವನ್ನು ಕಂಡು ಬೆಂಗಳೂರಿನ ಒಂದು ರಕ್ತನಿಧಿಗೆ ಫೋನ್ ಮಾಡಿದೆ. ಆ ಕಡೆಯಿಂದ ಮಾತಾಡಿದ ಟೆಕ್ನಿಷಿಯನ್ ನನ್ನ ಗುಂಪು ಕೇಳಿ, "ಸರ್, ಪ್ಲಾಸ್ಮಾದಲ್ಲಿ ಲೆಕ್ಕ ಉಲ್ಟಾ. ಓ ಗುಂಪಿನವರದ್ದು ಓ ಗುಂಪಿನವರಿಗೆ ಮಾತ್ರ ಆಗುತ್ತದೆ" ಎಂದರು.

ವಿಷಯ ಸರಳವಾದದ್ದೇ. ಓ ಗುಂಪಿನವರ ಕೆಂಪು ರಕ್ತಕಣಗಳ ಮೇಲೆ ಎ, ಬಿ ಎಂಬ ಗುರುತುಗಳಿರುವುದಿಲ್ಲವಾದ್ದರಿಂದ ಆ ಕಣಗಳನ್ನು ಬೇರೆಯವರ ದೇಹ ಒಪ್ಪಿಕೊಳ್ಳುತ್ತದೆ. ಆದರೆ ಅದೇ ಕಾರಣಕ್ಕೆ ಓ ಗುಂಪಿನವರ ಪ್ಲಾಸ್ಮಾದಲ್ಲಿ ಎ ಮತ್ತು ಬಿ ಎರಡರ ವಿರುದ್ಧವೂ ಪ್ರತಿಕಾಯಗಳು, ಅಂದರೆ ಹೊರಗಿನದನ್ನು ಗುರುತಿಸಿ ಎದುರಿಸಲು ದೇಹ ತಯಾರಿಸುವ ಪ್ರೋಟೀನುಗಳು, ಹುಟ್ಟಿನ ಹೊಸದರಿಂದಲೇ ಬೆಳೆದು ನಿಂತಿರುತ್ತವೆ, ಮತ್ತು ಅವು ಬೇರೆ ಗುಂಪಿನ ರೋಗಿಯ ರಕ್ತಕಣಗಳನ್ನು ಒಡೆದುಹಾಕಬಲ್ಲವು. ಪ್ಲಾಸ್ಮಾದ ಮಟ್ಟಿಗೆ ಎಲ್ಲರಿಗೂ ಸಲ್ಲುವವರು ಎಬಿ ಗುಂಪಿನವರು. ಎರಡು ದಶಕಗಳ ಜಂಬ ಒಂದೇ ಫೋನಿನಲ್ಲಿ ಇಳಿದುಹೋಯಿತು. ಪ್ರತಿಕಾಯ ಎಂದರೆ ಸುಮ್ಮನೆ 'ಒಳ್ಳೆಯ ವಸ್ತು' ಅಲ್ಲ, ಅದು ಯಾವುದರ ವಿರುದ್ಧ ಇದೆ, ಎಷ್ಟಿದೆ, ಯಾರ ಮೈಗೆ ಹೋಗುತ್ತದೆ ಎಂಬುದರ ಮೇಲೆ ಅದರ ಫಲ ನಿಂತಿದೆ ಎಂಬುದನ್ನು ನಾನು ಅಂದೇ ಪೂರ್ತಿಯಾಗಿ ಅರ್ಥ ಮಾಡಿಕೊಳ್ಳಬಹುದಾಗಿತ್ತು. ಮಾಡಿಕೊಳ್ಳಲಿಲ್ಲ.

ಅದಾಗಿ ನಾಲ್ಕೈದು ದಿನಗಳಲ್ಲಿ ಅದೇ ಟೆಕ್ನಿಷಿಯನ್ ತಾವಾಗಿಯೇ ಫೋನ್ ಮಾಡಿ ಓ ಪಾಸಿಟಿವ್ ರೋಗಿಯೊಬ್ಬರ ಮಗನಿಗೆ ನನ್ನ ನಂಬರು ಕೊಡಬಹುದೇ ಎಂದು ಕೇಳಿದರು. ಮಗನ ದನಿಯಲ್ಲಿ ಆತಂಕಕ್ಕಿಂತ ದಣಿವೇ ಹೆಚ್ಚಾಗಿತ್ತು. ತಂದೆಗೆ ಅರವತ್ತೆಂಟು ವರ್ಷ, ಜ್ವರ ಶುರುವಾಗಿ ಹದಿನಾಲ್ಕನೆಯ ದಿನ, ಐಸಿಯುನಲ್ಲಿದ್ದಾರೆ, ಮೂರು ಜನ ಬರುತ್ತೇನೆಂದು ಹೇಳಿ ಫೋನ್ ಎತ್ತುತ್ತಿಲ್ಲ. "ಸರ್, ನೀವು ಬರ್ತೀರಿ ಅಲ್ವಾ?" ಎಂದು ಅವರು ಕೇಳಿದ ರೀತಿ ಈಗಲೂ ಕಿವಿಯಲ್ಲಿದೆ. ನಾನು ಮರುದಿನ ಬೆಳಿಗ್ಗೆ ಹೋದೆ.

ಹೋಗುವಾಗ ನನ್ನ ಹೆಂಡತಿಯೂ ಜೊತೆಗೆ ಬಂದಿದ್ದಳು. ಇಬ್ಬರಿಗೂ ಒಟ್ಟಿಗೇ ಸೋಂಕು ತಗುಲಿ, ಇಬ್ಬರೂ ಮನೆಯಲ್ಲಿಯೇ ಹದಿನೇಳು ದಿನ ಬಾಗಿಲು ಹಾಕಿಕೊಂಡು ಕಳೆದಿದ್ದೆವು, ಮತ್ತು ಅವಳಿಗೆ ನನಗಿಂತ ಜ್ವರ ಜಾಸ್ತಿಯಿತ್ತಾದ್ದರಿಂದ ಅವಳ ಪ್ಲಾಸ್ಮಾದಲ್ಲಿ ವೈರಸ್ಸನ್ನು ತಡೆದು ರೋಗಿಗೆ ನೆರವಾಗುವ ಪ್ರತಿಕಾಯಗಳೂ ಜಾಸ್ತಿ ಇರಬಹುದೆಂದು ನಾವು ನಮ್ಮಷ್ಟಕ್ಕೆ ಲೆಕ್ಕ ಹಾಕಿದ್ದೆವು. ಅವಳನ್ನು ನೋಂದಣಿಯ ಮೇಜಿನಲ್ಲಿಯೇ ಹಿಂದಕ್ಕೆ ಕಳಿಸಿದರು, ಏಕೆಂದರೆ ಅವಳು ಎರಡು ಹೆರಿಗೆ ಆದವಳು. ಗರ್ಭಿಣಿಯಾಗಿದ್ದಾಗ ತಾಯಿಯ ದೇಹವು ಮಗುವಿಗೆ ತಂದೆಯಿಂದ ಬಂದ ಬಿಳಿಯ ರಕ್ತಕಣಗಳ ಗುರುತುಗಳ ವಿರುದ್ಧ ಪ್ರತಿಕಾಯಗಳನ್ನು ತಯಾರಿಸಿಕೊಂಡಿರುವ ಸಾಧ್ಯತೆಯಿದೆ. ಅಂಥ ಪ್ಲಾಸ್ಮಾ ರೋಗಿಯ ದೇಹವನ್ನು ಸೇರಿದರೆ ಶ್ವಾಸಕೋಶಕ್ಕೆ ನೀರು ತುಂಬಿಕೊಂಡಂತಾಗಿ ಉಸಿರಾಟ ಇನ್ನಷ್ಟು ಕೆಡಬಹುದು. ಕೋವಿಡ್ ರೋಗಿಗೆ ಮೊದಲೇ ಶ್ವಾಸಕೋಶದ ತೊಂದರೆ ಇರುವಾಗ ಆ ಅಪಾಯವನ್ನು ಯಾರೂ ಮೈಮೇಲೆ ಎಳೆದುಕೊಳ್ಳಲಾರರು. ವೈದ್ಯರು ಇದನ್ನು ಸಮಾಧಾನವಾಗಿ ವಿವರಿಸಿದರೂ ಅವಳಿಗೆ ಬೇಸರವಾಯಿತು. "ಮಕ್ಕಳನ್ನು ಹೆತ್ತದ್ದೂ ಒಂದು ಅನರ್ಹತೆಯಾಯಿತಲ್ಲ" ಎಂದು ದಾರಿಯುದ್ದಕ್ಕೂ ಹೇಳುತ್ತಿದ್ದಳು.

ನನ್ನನ್ನು ಪರೀಕ್ಷಿಸಿದರು. ತೂಕ, ರಕ್ತದೊತ್ತಡ, ಹಿಮೋಗ್ಲೋಬಿನ್, ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ, ಮೊಣಕೈ ಬಳಿಯ ರಕ್ತನಾಳ ಗಟ್ಟಿಯಾಗಿದೆಯೇ ಎಂಬುದು, ರೋಗಲಕ್ಷಣಗಳು ನಿಂತು 28 ದಿನ ಕಳೆದಿವೆಯೇ ಎಂಬುದು. ಎರಡು ತಾಸಿಗೂ ಹೆಚ್ಚು ಕಾಲ ಕಾದ ಮೇಲೆ ಆಫೆರೆಸಿಸ್ ಯಂತ್ರದ ಪಕ್ಕದ ಕುರ್ಚಿಯಲ್ಲಿ ಒರಗಿಸಿದರು. ಸಾಮಾನ್ಯ ರಕ್ತದಾನದಲ್ಲಿ ಹತ್ತು ನಿಮಿಷಗಳೊಳಗೆ ಚೀಲ ತುಂಬಿ ಕೆಲಸ ಮುಗಿಯುತ್ತದೆ. ಇಲ್ಲಿ ಹಾಗಲ್ಲ. ಯಂತ್ರವು ರಕ್ತವನ್ನು ಸ್ವಲ್ಪ ಸ್ವಲ್ಪವಾಗಿ ಎಳೆದುಕೊಂಡು, ಹೆಪ್ಪುಗಟ್ಟದಂತೆ ಸಿಟ್ರೇಟ್ ದ್ರಾವಣ ಬೆರೆಸಿ, ಗಿರ್ರನೆ ತಿರುಗಿಸಿ, ಭಾರವಾದ ಕಣಗಳನ್ನು ಒಂದು ಕಡೆಗೂ ಹಗುರವಾದ ಪ್ಲಾಸ್ಮಾವನ್ನು ಇನ್ನೊಂದು ಕಡೆಗೂ ಬೇರ್ಪಡಿಸುತ್ತದೆ. ಆಮೇಲೆ ಕಣಗಳನ್ನು ಅದೇ ಸೂಜಿಯ ಮೂಲಕ ಮತ್ತೆ ನಮ್ಮ ಮೈಗೆ ಹಿಂತಿರುಗಿಸುತ್ತದೆ. ಹೀಗೆ ಎಳೆಯುವುದು, ಕೊಡುವುದು ಸುಮಾರು ಒಂದು ತಾಸು ನಡೆಯಿತು. ಹಿಂತಿರುಗುವ ರಕ್ತ ತಣ್ಣಗಿರುವುದರಿಂದ ಮೈ ನಡುಗುತ್ತದೆ. ಸಿಟ್ರೇಟ್ ರಕ್ತದಲ್ಲಿನ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುವುದರಿಂದ ತುಟಿ, ಬೆರಳ ತುದಿಗಳು ಜುಮುಗುಟ್ಟುತ್ತವೆ, ಆಗ ಚೀಪಲು ಕ್ಯಾಲ್ಸಿಯಂ ಮಾತ್ರೆ ಕೊಡುತ್ತಾರೆ. ಕೊನೆಗೆ ತೆಳುವಾದ ಬೆಲ್ಲದ ಪಾನಕದ ಬಣ್ಣದ 400 ಮಿಲಿಲೀಟರ್ ದ್ರವ ಎರಡು ಚೀಲಗಳಲ್ಲಿ ತೂಗುತ್ತಿತ್ತು. ಒಂದು ಆ ದಿನಕ್ಕೆ, ಇನ್ನೊಂದು ಮರುದಿನಕ್ಕೆ. ನನ್ನ ಮೈಯಿಂದ ಇಷ್ಟು ಚಂದದ ಬಣ್ಣದ ವಸ್ತು ಬರಬಹುದೆಂದು ನಾನು ಎಣಿಸಿರಲಿಲ್ಲ.

ಚೀಲದ ಮೇಲಿನ ಚೀಟಿಯಲ್ಲಿ ಗುಂಪು, ತೂಕ, ದಿನಾಂಕ, ಸಂಖ್ಯೆ ಎಲ್ಲವೂ ಇದ್ದವು. ಅದರೊಳಗೆ ಕೊರೊನಾ ವೈರಸ್ಸಿನ ವಿರುದ್ಧದ ಪ್ರತಿಕಾಯ ಎಷ್ಟಿದೆ ಎಂಬುದು ಮಾತ್ರ ಇರಲಿಲ್ಲ. ಅದು ಇರಬೇಕಾಗಿತ್ತು ಎಂದು ಆಗ ನನಗೆ ಹೊಳೆಯಲೂ ಇಲ್ಲ.

ಆರು ದಿನಗಳ ನಂತರ ಆ ರೋಗಿ ತೀರಿಕೊಂಡರು. ಮಗ ತಾವೇ ಸಂದೇಶ ಕಳಿಸಿ ತಿಳಿಸಿದರು, ನನಗೆ ಕೃತಜ್ಞತೆ ಹೇಳಿದರು. ಅದಕ್ಕೆ ಏನು ಉತ್ತರ ಬರೆಯಬೇಕೆಂದು ತಿಳಿಯದೆ ನಾನು ಒಂದು ಇಡೀ ದಿನ ಫೋನನ್ನು ಮುಟ್ಟದೆ ಇದ್ದೆ.

ಮುಂದಿನ ಏಪ್ರಿಲ್‌ನಲ್ಲಿ, ಎರಡನೆಯ ಅಲೆ ಬೆಂಗಳೂರನ್ನು ಅಲ್ಲಾಡಿಸುತ್ತಿದ್ದಾಗ, ಅದೇ ಮಗ ಮತ್ತೆ ಫೋನ್ ಮಾಡಿದರು. ಈ ಸಲ ಅವರ ಸ್ನೇಹಿತನ ಚಿಕ್ಕಪ್ಪನಿಗೆ. ನನಗೆ ಆಗ ನಲವತ್ತೊಂದು ವರ್ಷವಾಗಿದ್ದು, ಲಸಿಕೆಯ ಸರದಿ ನನ್ನ ವಯಸ್ಸಿನವರಿಗೆ ಇನ್ನೂ ಬಂದಿರಲಿಲ್ಲ. ಹಾಗಾಗಿ ಲಸಿಕೆಯ ಕಾರಣದ ತಡೆಯೂ ಇರಲಿಲ್ಲ. ಇನ್ನೊಂದು ರಕ್ತನಿಧಿಗೆ ಹೋದೆ. ಅಲ್ಲಿ ಬೇರೆಲ್ಲಕ್ಕಿಂತ ಮೊದಲು ಒಂದು ಸಣ್ಣ ಕೊಳವೆ ರಕ್ತ ತೆಗೆದುಕೊಂಡು ಪ್ರತಿಕಾಯದ ಪರೀಕ್ಷೆ ಮಾಡಿದರು, ಮಧ್ಯಾಹ್ನದ ಹೊತ್ತಿಗೆ ಒಂದು ಚೀಟಿ ಕೈಗಿಟ್ಟು, ನಾವು ಇಟ್ಟುಕೊಂಡಿರುವ ಮಟ್ಟಕ್ಕಿಂತ ಕಡಿಮೆ ಇದೆ, ನಿಮ್ಮ ಪ್ಲಾಸ್ಮಾ ತೆಗೆದುಕೊಳ್ಳುವುದಿಲ್ಲ ಎಂದರು. ಊರೆಲ್ಲ ಪ್ಲಾಸ್ಮಾ ಪ್ಲಾಸ್ಮಾ ಎಂದು ಕೂಗುತ್ತಿರುವಾಗ, ಕೆಲಸ ಬಿಟ್ಟು ಬಂದವನನ್ನು ಬೇಡವೆಂದು ಕಳಿಸುವುದು ನನಗೆ ಅವಮಾನದಂತೆ ಕಂಡಿತು. ಹೊರಗೆ ಬಂದು ಆ ಮಗನಿಗೆ ಫೋನ್ ಮಾಡಿ, ಸ್ವಲ್ಪ ಸಿಟ್ಟಿನಿಂದಲೇ ಇದನ್ನು ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅಪ್ಪನಿಗೆ ಕೊಟ್ಟಾಗ ಎಷ್ಟಿತ್ತು ಸರ್?" ಎಂದು ಕೇಳಿದರು.

ಅದರಲ್ಲಿ ಆಕ್ಷೇಪಣೆಯ ಸೊಲ್ಲೂ ಇರಲಿಲ್ಲ. ಆದರೆ ಆ ಪ್ರಶ್ನೆಗೆ ನನ್ನ ಬಳಿ ಉತ್ತರವಿರಲಿಲ್ಲ. ಇಲ್ಲಿ ಮುಂದೆ ಬರೆಯುತ್ತಿರುವುದೆಲ್ಲ ಆ ಪ್ರಶ್ನೆಯ ಬೆನ್ನು ಹತ್ತಿ ನಾನು ಓದಿಕೊಂಡದ್ದು. ನಾನು ವೈದ್ಯನಲ್ಲ, ಸಹಕಾರ ಸಂಘವೊಂದರ ಲೆಕ್ಕಪತ್ರ ನೋಡುವವನು.

ಮೊದಲು ಅಳತೆಯ ಮಾತು. ಪ್ಲಾಸ್ಮಾದಲ್ಲಿ ವೈರಸ್ಸನ್ನು ನಿಷ್ಕ್ರಿಯಗೊಳಿಸಬಲ್ಲ ಪ್ರತಿಕಾಯ ಎಷ್ಟಿದೆ ಎಂಬುದನ್ನು ಟೈಟರ್ ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಮಜ್ಜಿಗೆಗೆ ನೀರು ಬೆರೆಸುತ್ತಾ ಹೋದರೆ ಎಲ್ಲಿಯವರೆಗೆ ಹುಳಿ ನಾಲಿಗೆಗೆ ತಿಳಿಯುತ್ತದೆಯೋ ನೋಡುವಂತೆ, ಪ್ಲಾಸ್ಮಾವನ್ನು ತೆಳುಗೊಳಿಸುತ್ತಾ ಹೋಗಿ ಯಾವ ಹಂತದವರೆಗೆ ಅದು ಪ್ರಯೋಗಾಲಯದ ಜೀವಕೋಶಗಳನ್ನು ವೈರಸ್ಸಿನಿಂದ ಕಾಯಬಲ್ಲದು ಎಂದು ನೋಡುವುದೇ ಈ ಪರೀಕ್ಷೆ. ನಲವತ್ತು ಪಟ್ಟು ತೆಳುಗೊಳಿಸಿದ ಮೇಲೂ ಕಾದರೆ ಟೈಟರ್ 1:40, ಸಾವಿರ ಪಟ್ಟು ತೆಳುಗೊಳಿಸಿದ ಮೇಲೂ ಕಾದರೆ 1:1000. ಇದಕ್ಕೆ ಜೀವಂತ ವೈರಸ್ಸನ್ನು ಬೆಳೆಸುವ ಸುಭದ್ರ ಪ್ರಯೋಗಾಲಯ ಬೇಕು, ದಿನಗಟ್ಟಲೆ ಸಮಯ ಬೇಕು. ಆದ್ದರಿಂದ ರಕ್ತನಿಧಿಗಳಲ್ಲಿ ಪ್ರತಿಕಾಯದ ಒಟ್ಟು ಮೊತ್ತವನ್ನು ಅಂದಾಜು ಮಾಡುವ ಬೇರೆ ಕಿಟ್‌ಗಳನ್ನು ಬಳಸುತ್ತಾರೆ. 2020ರ ಮೊದಲ ತಿಂಗಳುಗಳಲ್ಲಿ ನಮ್ಮ ದೇಶದಲ್ಲಿ ಅಂಥ ನಂಬಿಕೆಗೆ ಅರ್ಹವಾದ ಕಿಟ್‌ಗಳು ರಕ್ತನಿಧಿಗಳ ಕೈಗೆ ಸಿಕ್ಕುವಂತಿರಲಿಲ್ಲ.

ಈ ಸ್ಥಿತಿಯಲ್ಲಿಯೇ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು, ಅಂದರೆ ಐಸಿಎಂಆರ್, ಪ್ಲಾಸಿಡ್ ಎಂಬ ಹೆಸರಿನ ಪ್ರಯೋಗವನ್ನು ನಡೆಸಿತು. 2020ರ ಏಪ್ರಿಲ್‌ನಿಂದ ಜುಲೈವರೆಗೆ ದೇಶದ 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಸೇರಿಸಿಕೊಂಡು, ಒಂದು ಗುಂಪಿಗೆ ಮಾಮೂಲು ಚಿಕಿತ್ಸೆಯ ಜೊತೆಗೆ 200 ಮಿಲಿಲೀಟರಿನಂತೆ ಎರಡು ಸಲ ಪ್ಲಾಸ್ಮಾ ಕೊಟ್ಟು, ಇನ್ನೊಂದು ಗುಂಪಿಗೆ ಮಾಮೂಲು ಚಿಕಿತ್ಸೆಯನ್ನಷ್ಟೇ ಕೊಟ್ಟು, 28 ದಿನಗಳ ನಂತರ ನೋಡಿದರು. ರೋಗ ತೀವ್ರವಾದವರು ಅಥವಾ ತೀರಿಕೊಂಡವರು ಪ್ಲಾಸ್ಮಾ ಪಡೆದ ಗುಂಪಿನಲ್ಲಿ ಶೇ 19, ಪಡೆಯದ ಗುಂಪಿನಲ್ಲಿ ಶೇ 18. ಅಂದರೆ ಏನೂ ವ್ಯತ್ಯಾಸವಿಲ್ಲ. ಈ ಫಲಿತಾಂಶ ಸಾರ್ವಜನಿಕವಾಗಿ ಹೊರಬಿದ್ದದ್ದು ನಾನು ಪ್ಲಾಸ್ಮಾ ಕೊಟ್ಟ ಅದೇ ಸೆಪ್ಟೆಂಬರ್‌ನಲ್ಲಿ.

ಆದರೆ ಆ ವರದಿಯಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಅಂಕಿ ಅದಲ್ಲ. ದಾನಿಗಳ ಮತ್ತು ರೋಗಿಗಳ ರಕ್ತದ ಮಾದರಿಗಳನ್ನು ಕಾಯ್ದಿರಿಸಿಕೊಂಡು ಆಮೇಲೆ ಪರೀಕ್ಷಿಸಿದಾಗ, ದಾನಿಗಳ ಪ್ಲಾಸ್ಮಾದ ನಡುಮಟ್ಟದ ಟೈಟರ್ 1:40 ಎಂದು ಕಂಡುಬಂದಿತ್ತು. ಪ್ರಯೋಗಕ್ಕೆ ಸೇರುವಾಗಲೇ ಶೇ 83ರಷ್ಟು ರೋಗಿಗಳ ಮೈಯಲ್ಲಿ ಅವರದ್ದೇ ಪ್ರತಿಕಾಯಗಳು ಹುಟ್ಟಿಕೊಂಡಿದ್ದವು, ಮತ್ತು ಅವುಗಳ ನಡುಮಟ್ಟ 1:90. ಕೊಡುವವರ ಬಳಿ ಇದ್ದದ್ದಕ್ಕಿಂತ ಪಡೆಯುವವರ ಬಳಿ ಇದ್ದದ್ದೇ ಹೆಚ್ಚು! ಅದರ ಮೇಲೆ ಇನ್ನೊಂದು ಲೆಕ್ಕವಿದೆ. ವಯಸ್ಕರೊಬ್ಬರ ದೇಹದಲ್ಲಿ ಸುಮಾರು 3 ಲೀಟರ್ ಪ್ಲಾಸ್ಮಾ ಇರುತ್ತದೆ, ಅದಕ್ಕೆ 200 ಮಿಲಿಲೀಟರ್ ಸೇರಿಸಿದರೆ ಸೇರಿಸಿದ್ದು ಹದಿನಾರು ಪಾಲಿಗೆ ತೆಳುವಾಗುತ್ತದೆ. ನಲವತ್ತರ ವಸ್ತು ಹದಿನಾರು ಪಾಲಾದರೆ ಉಳಿಯುವುದು ಎರಡೂವರೆ. ತೊಂಬತ್ತು ಇದ್ದವರಿಗೆ ಎರಡೂವರೆ ತಂದು ಕೊಟ್ಟು ಬದುಕಿಸುತ್ತೇವೆಂದು ನಾವು ನಂಬಿದ್ದೆವು. ನಮ್ಮ ಸಂಘದಲ್ಲಿ ಯಾರಾದರೂ ಇಂಥ ತಃಖ್ತೆ ತಂದಿಟ್ಟಿದ್ದರೆ ನಾನು ಸಹಿ ಹಾಕುತ್ತಿರಲಿಲ್ಲ.

ಹಾಗೆಂದು ಆ ಪ್ರಯೋಗ ಮಾಡಿದವರ ಮೇಲೆ ನನಗೆ ಬೇಸರವಿಲ್ಲ. ಮಾರ್ಚಿನಲ್ಲಿ ಲಾಕ್‌ಡೌನ್ ಆದ ದೇಶದಲ್ಲಿ ಏಪ್ರಿಲ್‌ಗೆ 39 ಆಸ್ಪತ್ರೆಗಳನ್ನು ಒಂದೇ ನಿಯಮದಡಿ ತಂದು, ಫಲ ಇಲ್ಲವೆಂದು ಕಂಡದ್ದನ್ನು ಮುಚ್ಚಿಡದೆ ಪ್ರಕಟಿಸಿದ್ದು ಸಣ್ಣ ಮಾತಲ್ಲ. ಬೇಸರವಿರುವುದು ಅದರ ನಂತರದ ಎಂಟು ತಿಂಗಳುಗಳ ಬಗ್ಗೆ. 2021ರ ಜನವರಿಯಲ್ಲಿ ಬ್ರಿಟನ್ನಿನ ರಿಕವರಿ ಪ್ರಯೋಗವೂ ಪ್ರಯೋಜನ ಕಾಣದೆ ಪ್ಲಾಸ್ಮಾ ಕೊಡುವುದನ್ನು ನಿಲ್ಲಿಸಿತು. ಆಸ್ಪತ್ರೆ ಸೇರಿದ 11,558 ರೋಗಿಗಳ ಕೊನೆಯ ಲೆಕ್ಕದಲ್ಲಿ ಪ್ಲಾಸ್ಮಾ ಪಡೆದವರಲ್ಲಿಯೂ ಪಡೆಯದವರಲ್ಲಿಯೂ ಸಾವು ಶೇ 24. ಆದರೂ ನಮ್ಮಲ್ಲಿ ಏಪ್ರಿಲ್, ಮೇ ತಿಂಗಳುಗಳಲ್ಲಿ ಮನೆಮಂದಿಯೆಲ್ಲ ಪ್ಲಾಸ್ಮಾಕ್ಕಾಗಿ ಊರೂರು ಅಲೆಯುತ್ತಿದ್ದರು. ಪ್ಲಾಸ್ಮಾ ಚಿಕಿತ್ಸೆಯನ್ನು ರಾಷ್ಟ್ರೀಯ ಮಾರ್ಗಸೂಚಿಯಿಂದ ಕೈಬಿಟ್ಟದ್ದು 2021ರ ಮೇ 17ರಂದು. ಅದಕ್ಕೆ ಹಿಂದಿನ ವರ್ಷದ ಜುಲೈನಲ್ಲಿ ನಮ್ಮ ರಾಜ್ಯ ಸರ್ಕಾರ ಪ್ಲಾಸ್ಮಾ ದಾನಿಗಳಿಗೆ 5,000 ರೂಪಾಯಿ ಪ್ರೋತ್ಸಾಹಧನ ಘೋಷಿಸಿತ್ತು. ನನ್ನ ಭಾವಮೈದುನ ಅದನ್ನು ನೆನಪಿಸಿ ಈಗಲೂ ಕೀಟಲೆ ಮಾಡುವುದುಂಟು. ಆ ಹಣದಲ್ಲಿ ಒಂದು ಪಾಲನ್ನು ಪ್ರತಿಯೊಂದು ಚೀಲದ ಪ್ರತಿಕಾಯ ಅಳೆಯುವುದಕ್ಕೆ ಇಟ್ಟಿದ್ದರೆ ದಾನಿಗಳಿಗೆ ಅದಕ್ಕಿಂತ ದೊಡ್ಡ ಗೌರವ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪ್ಲಾಸ್ಮಾ ಚಿಕಿತ್ಸೆಯೇ ಒಂದು ಭ್ರಮೆಯೇ? ಕೆಲವು ಸ್ನೇಹಿತರು ಹಾಗೆಯೇ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಒಬ್ಬರ ಮೈಯಲ್ಲಿ ಹುಟ್ಟಿದ ಪ್ರತಿಕಾಯವನ್ನು ಇನ್ನೊಬ್ಬರಿಗೆ ಎರವಲು ಕೊಡಬಹುದು ಎಂಬುದು 1890ರಲ್ಲಿ ಬರ್ಲಿನ್ನಿನಲ್ಲಿ ಬೇರಿಂಗ್ ಮತ್ತು ಜಪಾನಿನ ಕಿಟಸಾಟೊ ಅವರು ಧನುರ್ವಾಯು ಮತ್ತು ಗಂಟಲುಮಾರಿ ರೋಗಗಳ ವಿಷಯದಲ್ಲಿ ತೋರಿಸಿಕೊಟ್ಟ ಸಂಗತಿ. ವೈದ್ಯಶಾಸ್ತ್ರದ ಮೊಟ್ಟಮೊದಲ ನೊಬೆಲ್ ಪ್ರಶಸ್ತಿ 1901ರಲ್ಲಿ ಬೇರಿಂಗ್ ಅವರಿಗೆ ಬಂದದ್ದು ಇದಕ್ಕಾಗಿಯೇ. ಮಲೆನಾಡಿನಲ್ಲಿ ಹಾವು ಕಚ್ಚಿದವರನ್ನು ತಾಲ್ಲೂಕು ಆಸ್ಪತ್ರೆಗೆ ಹೊತ್ತುಕೊಂಡು ಓಡಿದ ಪ್ರತಿಯೊಬ್ಬರೂ ಈ ಎರವಲಿನ ಫಲವನ್ನು ಕಣ್ಣಾರೆ ಕಂಡವರೇ, ಏಕೆಂದರೆ ಅಲ್ಲಿ ಕೊಡುವ ಮದ್ದು ಕುದುರೆಯ ರಕ್ತದಲ್ಲಿ ಬೆಳೆಸಿ ತೆಗೆದ ಪ್ರತಿಕಾಯ. ಹುಚ್ಚುನಾಯಿ ಕಚ್ಚಿದ ಗಾಯದ ಸುತ್ತ ಚುಚ್ಚುವ ಸೀರಂ ಕೂಡ ಹಾಗೆಯೇ. ಹಾವಿನ ಮದ್ದು ತಡವಾದರೆ ಕೆಲಸ ಮಾಡದು, ಕಡಿಮೆಯಾದರೂ ಮಾಡದು ಎಂಬುದು ಹಳ್ಳಿಯವರಿಗೂ ಗೊತ್ತು. ಕೋವಿಡ್ ಬಂದಾಗ ನಾವೆಲ್ಲ ಮರೆತದ್ದು ಅದನ್ನೇ.

ಹೊಸ ರೋಗವೊಂದು ಎದ್ದಾಗ ಔಷಧವೂ ಇರುವುದಿಲ್ಲ, ಲಸಿಕೆಯೂ ಇರುವುದಿಲ್ಲ, ಇರುವುದು ಬದುಕುಳಿದವರ ರಕ್ತ ಮಾತ್ರ. 1969ರಲ್ಲಿ ನೈಜೀರಿಯದ ಲಾಸಾ ಎಂಬ ಊರಿನಿಂದ ಹೊರಟ ಜ್ವರಕ್ಕೆ ಇಬ್ಬರು ಮಿಷನರಿ ದಾದಿಯರು ಬಲಿಯಾದರು. ಮೂರನೆಯವರಾದ ಪೆನ್ನಿ ಪಿನ್ನಿಯೊ ಅವರನ್ನು ವಿಮಾನದಲ್ಲಿ ನ್ಯೂಯಾರ್ಕಿಗೆ ಒಯ್ದರು, ಅವರು ಬದುಕಿಕೊಂಡರು. ಅವರ ರಕ್ತದಿಂದ ವೈರಸ್ಸನ್ನು ಬೇರ್ಪಡಿಸುತ್ತಿದ್ದ ಯೇಲ್ ವಿಶ್ವವಿದ್ಯಾಲಯದ ವಿಜ್ಞಾನಿ ಜೋರ್ಡಿ ಕಸಾಲ್ಸ್ ಅವರಿಗೇ ಕೆಲವು ತಿಂಗಳುಗಳಲ್ಲಿ ಅದೇ ಸೋಂಕು ತಗುಲಿತು. ಆಗ ಪಿನ್ನಿಯೊ ಅವರ ಪ್ಲಾಸ್ಮಾವನ್ನೇ ಅವರಿಗೆ ಕೊಡಲಾಯಿತು, ಅವರು ಉಳಿದರು. ಒಬ್ಬರ ಉದಾಹರಣೆಯಿಂದ ಏನೂ ಸಿದ್ಧವಾಗುವುದಿಲ್ಲವೆಂಬುದು ನಿಜ. ಇಡೀ ಜಗತ್ತಿನಲ್ಲಿ ಆ ರೋಗಕ್ಕೆ ಮದ್ದು ಎಂದು ಕರೆಯಬಹುದಾದದ್ದು ಒಬ್ಬ ದಾದಿಯ ಮೈಯಲ್ಲಿ ಹರಿಯುತ್ತಿದ್ದ ರಕ್ತವೊಂದೇ ಆಗಿದ್ದ ಆ ಕ್ಷಣವನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಸಿದ್ಧವಾದ ಉದಾಹರಣೆ ಬೇಕೆಂದರೆ ಅರ್ಜೆಂಟೀನಾಕ್ಕೆ ಹೋಗಬೇಕು. ಅಲ್ಲಿನ ಪಂಪಾ ಬಯಲಿನ ಮೆಕ್ಕೆಜೋಳದ ಹೊಲಗಳಲ್ಲಿ 1950ರ ದಶಕದಲ್ಲಿ ರಕ್ತಸ್ರಾವದ ಜ್ವರವೊಂದು ಕಾಣಿಸಿಕೊಂಡಿತು. ಹೊಲದ ಇಲಿಗಳಿಂದ ಹರಡುವ, ಕೊಯ್ಲಿನ ಕಾಲದಲ್ಲಿ ಕೂಲಿಯವರನ್ನು ಹಿಡಿಯುವ, ಹುನಿನ್ ಎಂಬ ಊರಿನ ಹೆಸರು ಹೊತ್ತ ವೈರಸ್ಸಿನ ಕಾಯಿಲೆ ಅದು. ಪೆರ್ಗಮೀನೊ ಎಂಬ ಊರಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ ಹೂಲಿಯೊ ಮೈಸ್ತೆಗಿ ಮತ್ತು ಸಂಗಡಿಗರು, ಈ ಜ್ವರದಿಂದ ಗುಣವಾದವರ ಪ್ಲಾಸ್ಮಾವನ್ನು ಒಂದು ಗುಂಪಿಗೂ, ಸಾಮಾನ್ಯ ಜನರ ಪ್ಲಾಸ್ಮಾವನ್ನು ಇನ್ನೊಂದು ಗುಂಪಿಗೂ, ಯಾರಿಗೆ ಯಾವುದೆಂದು ವೈದ್ಯರಿಗೂ ರೋಗಿಗಳಿಗೂ ತಿಳಿಯದಂತೆ ಕೊಟ್ಟು ಪರೀಕ್ಷಿಸಿದರು. 1979ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಸಾಮಾನ್ಯ ಪ್ಲಾಸ್ಮಾ ಪಡೆದವರಲ್ಲಿ ಶೇ 16.5ರಷ್ಟು ಜನ ತೀರಿಕೊಂಡರು, ಗುಣವಾದವರ ಪ್ಲಾಸ್ಮಾ ಪಡೆದವರಲ್ಲಿ ಶೇ 1.1ರಷ್ಟು ಮಾತ್ರ. ಜ್ವರ ಶುರುವಾದ ಎಂಟು ದಿನಗಳೊಳಗೆ ಕೊಡಬೇಕು ಎಂಬ ಒಂದೇ ಒಂದು ಕಟ್ಟುನಿಟ್ಟು. ಆಮೇಲೆ ಅವರು ಚೀಲದ ಗಾತ್ರವನ್ನು ನೋಡುವುದನ್ನೂ ಬಿಟ್ಟು, ಅದರಲ್ಲಿ ವೈರಸ್ಸನ್ನು ತಡೆಯುವ ಪ್ರತಿಕಾಯ ಎಷ್ಟಿದೆ, ರೋಗಿಯ ತೂಕ ಎಷ್ಟಿದೆ ಎಂಬ ಲೆಕ್ಕದಲ್ಲಿ ಪ್ರಮಾಣವನ್ನು ನಿಗದಿ ಮಾಡತೊಡಗಿದರು. ಚಿಕಿತ್ಸೆ ಪಡೆದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಕೆಲವು ವಾರಗಳ ನಂತರ ನರಮಂಡಲದ ತೊಂದರೆ ಕಾಣಿಸಿಕೊಂಡದ್ದನ್ನೂ ಅವರು ಮುಚ್ಚಿಡಲಿಲ್ಲ.

ಅದೇ ದೇಶದಲ್ಲಿಯೇ ಕೋವಿಡ್ ಕಾಲದಲ್ಲಿಯೂ ಈ ಹಳೆಯ ಪಾಠವನ್ನು ನೆನಪಿಟ್ಟುಕೊಂಡಂಥ ಒಂದು ಪ್ರಯೋಗ ನಡೆಯಿತು. ಲಕ್ಷಣಗಳು ಶುರುವಾದ 72 ತಾಸುಗಳೊಳಗೆ, ಇನ್ನೂ ಸೌಮ್ಯ ಸ್ಥಿತಿಯಲ್ಲಿದ್ದ 160 ವೃದ್ಧರನ್ನು ಆಯ್ದುಕೊಂಡು, ಪ್ರತಿಕಾಯ ಹೇರಳವಾಗಿದೆಯೆಂದು ಅಳೆದು ನೋಡಿದ ಪ್ಲಾಸ್ಮಾವನ್ನಷ್ಟೇ ಅರ್ಧದಷ್ಟು ಜನರಿಗೆ ಕೊಟ್ಟರು. ತೀವ್ರ ಉಸಿರಾಟದ ತೊಂದರೆಗೆ ತಿರುಗಿದವರು ಪ್ಲಾಸ್ಮಾ ಪಡೆದವರಲ್ಲಿ ಶೇ 16, ಪಡೆಯದವರಲ್ಲಿ ಶೇ 31. ಆ ಗುಂಪಿನಲ್ಲಿಯೂ ಹೆಚ್ಚು ಟೈಟರ್‌ನ ಪ್ಲಾಸ್ಮಾ ಸಿಕ್ಕವರಿಗೆ ಹೆಚ್ಚು ಪ್ರಯೋಜನವಾಗಿತ್ತು. ನಾನು ನನ್ನ ಚೀಲಗಳನ್ನು ಕೊಟ್ಟದ್ದು ಹದಿನೈದನೆಯ ದಿನ, ಐಸಿಯುನಲ್ಲಿದ್ದವರಿಗೆ, ಅಳೆಯದೆ. ಈ ಮೂರೂ ಮಾತುಗಳನ್ನು ಒಟ್ಟಿಗೆ ಬರೆದುಕೊಂಡಾಗ ಆ ಮಗನ ಪ್ರಶ್ನೆಯ ತೂಕ ನನಗೆ ತಿಳಿಯಿತು.

ಎಬೋಲಾದ ಕಥೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ. 2015ರಲ್ಲಿ ಗಿನಿ ದೇಶದ ಕೊನಾಕ್ರಿಯಲ್ಲಿ ಎಬೋಲಾದಿಂದ ಬದುಕುಳಿದವರು ಕೊಟ್ಟ ಪ್ಲಾಸ್ಮಾವನ್ನು ರೋಗಿಗಳಿಗೆ ಕೊಟ್ಟು ನೋಡಿದಾಗ ಹೇಳಿಕೊಳ್ಳುವಂಥ ಫಲ ಕಾಣಲಿಲ್ಲ. ಅಲ್ಲಿಯೂ ಕೊಡುವಾಗ ಪ್ರತಿಕಾಯದ ಮಟ್ಟ ಗೊತ್ತಿರಲಿಲ್ಲ. ಆದರೆ ಅದಕ್ಕೂ ಬಹಳ ಹಿಂದೆ, 1995ರಲ್ಲಿ, ಕಾಂಗೋದ ಕಿಕ್ವಿಟ್ ಎಂಬಲ್ಲಿ ಎಬೋಲಾದಿಂದ ಗುಣವಾಗಿದ್ದ ಒಬ್ಬರು ಹನ್ನೊಂದು ವರ್ಷಗಳ ನಂತರ ರಕ್ತ ಕೊಟ್ಟಿದ್ದರು. ವಿಜ್ಞಾನಿಗಳು ಅದರಲ್ಲಿ ಇನ್ನೂ ಉಳಿದಿದ್ದ ನೆನಪಿನ ಕಣಗಳನ್ನು, ಅಂದರೆ ಹಳೆಯ ಸೋಂಕನ್ನು ನೆನಪಿಟ್ಟುಕೊಂಡು ಅದರ ಪ್ರತಿಕಾಯ ತಯಾರಿಸಬಲ್ಲ ಕಣಗಳನ್ನು ಹುಡುಕಿ, ಅವು ತಯಾರಿಸುವ ಪ್ರತಿಕಾಯಗಳ ಪೈಕಿ ಅತ್ಯಂತ ಚೆನ್ನಾಗಿ ವೈರಸ್ಸನ್ನು ತಡೆಯುವ ಒಂದನ್ನು ಆರಿಸಿ, ಅದನ್ನು ಪ್ರಯೋಗಾಲಯದಲ್ಲಿ ಬೇಕಾದಷ್ಟು ತಯಾರಿಸುವಂತೆ ಮಾಡಿದರು. ಕಾಂಗೋದಲ್ಲಿಯೇ ನಡೆದ ಪ್ರಯೋಗದಲ್ಲಿ ಅದು ಸಾವನ್ನು ತಗ್ಗಿಸಿತು, ಮತ್ತು 2020ರ ಡಿಸೆಂಬರ್‌ನಲ್ಲಿ ಎಬಾಂಗ ಎಂಬ ಹೆಸರಿನಲ್ಲಿ ಅಮೆರಿಕದಲ್ಲಿ ಔಷಧವಾಗಿ ಒಪ್ಪಿಗೆ ಪಡೆಯಿತು. ಚೀಲಗಟ್ಟಲೆ ಪ್ಲಾಸ್ಮಾ ಮಾಡದ ಕೆಲಸವನ್ನು ಒಬ್ಬ ಮನುಷ್ಯನ ರಕ್ತದ ಒಂದು ಕಣದ ಸಂತತಿ ಮಾಡಿತು.

ಇಷ್ಟು ಓದಿದ ಮೇಲೆ ನನಗೆ ಪದೇ ಪದೇ ನಮ್ಮ ಊರು ನೆನಪಾಗುತ್ತದೆ. ನಾನು ಸಾಗರ ತಾಲ್ಲೂಕಿನವನು. ಅರ್ಜೆಂಟೀನಾದಲ್ಲಿ ಆ ಜ್ವರದ ವೈರಸ್ಸನ್ನು 1958ರಲ್ಲಿ ಗುರುತಿಸಿದರೆ, ನಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆಯನ್ನು ಗುರುತಿಸಿದ್ದು 1957ರಲ್ಲಿ. ಅಲ್ಲಿ ಇಲಿ, ಇಲ್ಲಿ ಉಣುಗು. ಅಲ್ಲಿ ಜೋಳದ ಕೊಯ್ಲು, ಇಲ್ಲಿ ದನದ ಕೊಟ್ಟಿಗೆಗೆ ಕಾಡಿನಿಂದ ತರಗು ತರುವ ಬೇಸಿಗೆ. ಎರಡೂ ಊರಿನ ಹೆಸರು ಹೊತ್ತ ಕಾಯಿಲೆಗಳು, ಎರಡೂ ಮೈಮುರಿದು ದುಡಿಯುವವರನ್ನು ಹಿಡಿಯುವಂಥವು. ಅವರಿಗೆ ಪ್ಲಾಸ್ಮಾ ದಕ್ಕಿತು, 1991ರಿಂದ ಲಸಿಕೆಯೂ ಬಂತು. ಲಸಿಕೆ ಬಂದು ರೋಗಿಗಳು ಕಡಿಮೆಯಾದಂತೆ ಗುಣವಾದ ದಾನಿಗಳೂ ಕಡಿಮೆಯಾಗಿ, ಪ್ಲಾಸ್ಮಾದ ದಾಸ್ತಾನು ಕರಗುತ್ತಿದೆ ಎಂಬ ಚಿಂತೆ ಈಗ ಅವರದ್ದು. ನಮ್ಮಲ್ಲಿ ದಶಕಗಳ ಕಾಲ ಕೊಡುತ್ತಿದ್ದ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ನಿಂತುಹೋಯಿತು, ನಿರ್ದಿಷ್ಟ ಔಷಧವೂ ಇಲ್ಲ. ಮಂಗನ ಕಾಯಿಲೆಗೆ ಪ್ಲಾಸ್ಮಾ ಫಲ ಕೊಡುತ್ತದೆ ಎಂದು ನಾನು ಹೇಳುತ್ತಿಲ್ಲ. ಒಂದು ವೈರಸ್ಸಿನ ವಿಷಯದಲ್ಲಿ ನಡೆದದ್ದು ಇನ್ನೊಂದರಲ್ಲಿ ನಡೆಯಲೇಬೇಕೆಂದಿಲ್ಲ ಎಂಬುದನ್ನು ಕೋವಿಡ್ ನನಗೆ ಕಲಿಸಿದೆ. ಆದರೆ ಗುಣವಾದವರು ಯಾರು, ಅವರ ಮೈಯಲ್ಲಿ ಪ್ರತಿಕಾಯ ಎಷ್ಟಿದೆ, ಎಷ್ಟು ವರ್ಷ ಉಳಿಯುತ್ತದೆ ಎಂಬುದನ್ನು ಜ್ವರವಿಲ್ಲದ ಮಳೆಗಾಲದಲ್ಲಿ ಸಮಾಧಾನವಾಗಿ ಅಳೆದು ಬರೆದಿಟ್ಟುಕೊಂಡರೆ, ಜನವರಿಯಲ್ಲಿ ಕಾಡಿನ ಮಂಗ ಸತ್ತು ಬಿದ್ದಾಗ ವಾಟ್ಸ್‌ಆ್ಯಪ್‌ನಲ್ಲಿ ದಾನಿಗಳನ್ನು ಹುಡುಕುತ್ತಾ ಕೂರಬೇಕಾಗುವುದಿಲ್ಲ.

ಅರಳಗೋಡಿನ ಸುತ್ತ ಮಂಗನ ಕಾಯಿಲೆ ಜೋರಾಗಿದ್ದ 2019ರಲ್ಲಿ ನನ್ನ ಚಿಕ್ಕಮ್ಮನಿಗೂ ಅದು ಬಂದಿತ್ತು. ಜ್ವರ ಒಮ್ಮೆ ಇಳಿದಂತಾಗಿ ಮತ್ತೆ ಏರಿ, ಒಂದೂವರೆ ತಿಂಗಳು ಹಾಸಿಗೆ ಹಿಡಿದು, ಎದ್ದು ಕೂತವಳು. ಕಳೆದ ಸಲ ಊರಿಗೆ ಹೋದಾಗ, ನಾನು ಪ್ಲಾಸ್ಮಾ ಕೊಟ್ಟ ಕಥೆಯನ್ನೂ ಎರಡನೆಯ ಸಲ ಬೇಡವೆನ್ನಿಸಿಕೊಂಡು ಬಂದದ್ದನ್ನೂ ಜಗಲಿಯಲ್ಲಿ ಅಡಿಕೆ ಆರಿಸುತ್ತಾ ಕೇಳಿಸಿಕೊಂಡು, ಅವಳು ತನ್ನ ತೋಳನ್ನೊಮ್ಮೆ ನೋಡಿಕೊಂಡಳು. "ಹಂಗಾದ್ರೆ ನನ್ನ ರಕ್ತದಾಗೂ ಏನಾದ್ರೂ ಇರ್ಬೌದನ ತಮ್ಮಾ? ಯಾರೂ ಬಂದು ಕೇಳ್ಲೇ ಇಲ್ಲೆ" ಎಂದಳು.